ನಕ್ಷೆಗೆ ಸಿಗದ ಹಳ್ಳಗಳು

ಪ್ರಶ್ನೆ: ಅಲಾಸ್ಕಾದ ಉತ್ತರದ ನಿರ್ಜನ ನೆಲದಲ್ಲಿ ರಸ್ತೆಯೇ ಅಪರೂಪ ಅಂತಾರೆ. ಅಲ್ಲಿನ ಸಣ್ಣ ಹಳ್ಳಗಳನ್ನು ನಕ್ಷೆಯಲ್ಲಿ ಹೇಗೆ ಗುರುತಿಸುತ್ತಾರೆ? ಉಪಗ್ರಹದ ಚಿತ್ರ ಕೊಟ್ಟರೆ ಉಳಿದದ್ದನ್ನು ಕಂಪ್ಯೂಟರ್ ಮಾಡುತ್ತದಲ್ವಾ?

ಉತ್ತರ: ಅರ್ಧ ಮಾತ್ರ ಮಾಡುತ್ತದೆ. ನೆಲದ ಎತ್ತರ ಅಳೆಯೋದು ಈಗ ಸುಲಭ, ನೀರು ಎಲ್ಲಿ ಹರಿಯುತ್ತದೆ ಅಂತ ಹೇಳೋದು ಕಷ್ಟ.

1906ರಲ್ಲಿ ಅಲ್ಲಿಗೆ ಹೋದ ಅಮೆರಿಕದ ಭೂವಿಜ್ಞಾನಿ ಅರ್ನೆಸ್ಟ್ ಲೆಫಿಂಗ್‌ವೆಲ್ ನಾಯಿಗಾಡಿ, ಸಣ್ಣ ದೋಣಿಗಳಲ್ಲಿ ಓಡಾಡಿ ಕ್ಯಾನಿಂಗ್ ನದಿ ಸೀಮೆಯ ನಕ್ಷೆ ಮಾಡಿದರು. ಅದು ಅಚ್ಚಾಗಿದ್ದು 1919ರಲ್ಲಿ. 1950ರ ದಶಕದಲ್ಲಿ ವಿಮಾನದಿಂದ ತೆಗೆದ ಫೋಟೋ ನೋಡಿ ಒಂದು ಇಂಚಿಗೆ ಒಂದು ಮೈಲಿ ಅಳತೆಯ ನಕ್ಷೆಗಳು ಬಂದವು. ಬೆಟ್ಟದ ಕಡೆ 100 ಅಡಿಗೊಂದು ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ಎಳೆದ ಹಾಳೆಯಲ್ಲಿ 20 ಅಡಿ ಆಳದ ಕೊರಕಲು ಕಾಣೋದಾದರೂ ಹೇಗೆ?

2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಜಗತ್ತಿನ ಬಹುಪಾಲು ನೆಲವನ್ನು ಅಳೆಯಿತು. ಆದರೆ 60 ಡಿಗ್ರಿ ಉತ್ತರ ಅಕ್ಷಾಂಶಕ್ಕೇ ನಿಂತಿತು, ಈ ಸೀಮೆ ಅದಕ್ಕೂ ಉತ್ತರಕ್ಕಿದೆ. ಆಮೇಲೆ ಮೋಡ ದಾಟಿ ನೋಡುವ ರೇಡಾರನ್ನು ವಿಮಾನಕ್ಕೆ ಕಟ್ಟಿ ಅಲಾಸ್ಕಾವನ್ನು 5 ಮೀಟರ್ ಚೌಕಗಳಲ್ಲಿ, ಚೌಕಕ್ಕೊಂದು ಎತ್ತರದಂತೆ, ಅಳೆದರು. ಉಪಗ್ರಹದ ಜೋಡಿಚಿತ್ರಗಳಿಂದ ಮಾಡಿದ ಆರ್ಕ್ಟಿಕ್‌ಡೆಮ್ ಎಂಬ ಎತ್ತರದ ನಕ್ಷೆಯಲ್ಲಿ ಚೌಕ 2 ಮೀಟರಿನದು.

ಇಲ್ಲಿಂದ ತಕರಾರು ಶುರು. ಪ್ರತಿ ಚೌಕದ ಸುತ್ತಲಿನ ಎಂಟರಲ್ಲಿ ಯಾವುದು ತಗ್ಗೋ ಅತ್ತ ನೀರು ಹರಿಯುತ್ತದೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ನಡುವೆ ಗುಂಡಿ ಸಿಕ್ಕರೆ ಅಳತೆಯ ತಪ್ಪೆಂದು ತುಂಬಿಬಿಡುತ್ತದೆ. ಕರಾವಳಿಯ ಬಯಲಲ್ಲಿ ಆ ಗುಂಡಿಗಳು ನಿಜವಾದವೇ! ಅಲ್ಲಿ ನೆಲದಡಿ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ನೀರು ಕೆಳಗಿಳಿಯೋದಿಲ್ಲ. ಬಿರುಕುಗಳಲ್ಲಿ ಬೆಳೆದ ಮಂಜುಗಡ್ಡೆ ಕರಗಿದ ಕಡೆ ಹೊಂಡವಾಗುತ್ತದೆ. ಹೊಂಡದಿಂದ ಹೊಂಡಕ್ಕೆ ಸಣ್ಣ ಕಾಲುವೆ. ಮೇಲಿಂದ ನೋಡಿದರೆ ಪೋಣಿಸಿದ ಮಣಿಸರದ ಹಾಗೆ. ನೆಲ ಎಷ್ಟು ಮಟ್ಟಸವೆಂದರೆ ಎತ್ತರದಲ್ಲಿ ಅರ್ಧ ಮೀಟರ್ ಹೆಚ್ಚುಕಮ್ಮಿಯಾದರೂ ಸಾಕು, ಲೆಕ್ಕದ ಹಳ್ಳ ಬೇರೆ ಕೆರೆಗೆ ಹೋಗಿ ಸೇರುತ್ತದೆ.

ಬೆಟ್ಟದ ಇಳಿಜಾರಿನದು ಇನ್ನೊಂದು ಕಥೆ. ಅಲ್ಲಿ ದಂಡೆಯೇ ಇಲ್ಲದೆ, ಪಾಚಿ ಹುಲ್ಲಿನ ನಡುವೆ ಪಟ್ಟೆಪಟ್ಟೆಯಾಗಿ ನೀರು ಜಿನುಗುತ್ತದೆ. ಎತ್ತರದ ಲೆಕ್ಕಕ್ಕೆ ಅದು ಸಿಗೋದೇ ಕಷ್ಟ. ಗಿಡದ ಬಣ್ಣ ನೋಡಿ ಹಿಡಿಯಬೇಕು.

ಹಾಗಾಗಿ ಕಂಪ್ಯೂಟರಿನ ಗೆರೆಯನ್ನು ಮನುಷ್ಯ ಕೂತು ಚಿತ್ರದ ಜೊತೆ ಹೋಲಿಸಿ ತಿದ್ದಲೇಬೇಕು. ನೀವೇ ಮಾಡಿ ನೋಡುವುದಾದರೆ ಮೊದಲು ಚಿತ್ರದ ತಾರೀಖು ನೋಡಿ. ಜೂನ್‌ನಲ್ಲಿ ಎಷ್ಟೋ ನದಿಪಾತ್ರಗಳ ಮೇಲೆ ಚಳಿಗಾಲದಲ್ಲಿ ಪದರಪದರವಾಗಿ ಕಟ್ಟಿದ ಹಿಮಗಡ್ಡೆ ಇನ್ನೂ ಇರುತ್ತದೆ, ಕೆಲವೆಡೆ ಹಲವು ಮೀಟರ್ ದಪ್ಪ. ಆಗ ಅಳೆದರೆ ಸಿಗೋದು ಗಡ್ಡೆಯ ಎತ್ತರ, ಹಳ್ಳದ್ದಲ್ಲ. ಜುಲೈ ಕೊನೆ ಇಲ್ಲವೇ ಆಗಸ್ಟ್‌ನ ಚಿತ್ರ ಹುಡುಕಿ.