ಸಾಲ ನನ್ನ ಹೆಸರಲ್ಲಿ, ದುಡ್ಡು ತೋಟಕ್ಕೆ

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯವಳು. ಮೂರು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದೇನೆ. ಬೆಂಗಳೂರಿಗೂ ಕೊರಿಯರ್ ಹೋಗುತ್ತದೆ. ಆದರೂ ವ್ಯವಹಾರ ಇದ್ದಲ್ಲೇ ಇದೆ. ನಾಲ್ಕು ಲಕ್ಷ ಸಾಲ ಕೇಳಲು ಬ್ಯಾಂಕಿಗೆ ಹೋದರೆ, ಮಾವನ ಹೆಸರಿನ ಪಹಣಿ ತನ್ನಿ, ಯಜಮಾನರನ್ನು ಕರೆದುಕೊಂಡು ಬನ್ನಿ ಅಂದರು. ನಮ್ಮೂರಿನದೇ ಹುಡುಗನೊಬ್ಬನಿಗೆ ಹಾಳೆ ತಟ್ಟೆ ಘಟಕಕ್ಕೆ ಎರಡೇ ತಿಂಗಳಲ್ಲಿ ಸಾಲ ಆಯಿತು. ಹೆಂಗಸು ಅಂತಲೇ ಹೀಗಾ? ಸ್ವಸಹಾಯ ಸಂಘದಲ್ಲಿ ಸಾಲ ತೆಗೆದ 50 ಸಾವಿರವನ್ನು ಒಂದು ಕಂತೂ ತಪ್ಪದೆ ತೀರಿಸಿದ್ದೇನೆ. ಆ ದುಡ್ಡು ಮಾತ್ರ ಆ ವರ್ಷ ಅಡಿಕೆ ತೋಟದ ಕೊಳೆರೋಗದ ಔಷಧಿಗೆ ಹೋಯಿತು.

ಉತ್ತರ: ಬ್ಯಾಂಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ನೀವು ಕೊನೆಯಲ್ಲಿ ಹೇಳಿ ಮುಗಿಸಿದ ಆ ಒಂದು ಸಾಲಿದೆಯಲ್ಲ, ಮೊದಲು ಅದು.

ಶ್ರೀಲಂಕಾದಲ್ಲಿ ಸಂಶೋಧಕರು ಸಣ್ಣಪುಟ್ಟ ವ್ಯಾಪಾರಿಗಳಿಗೆ ವಾಪಸ್ ಕೊಡಬೇಕಿಲ್ಲದ ಬಂಡವಾಳ ಕೊಟ್ಟು ನೋಡಿದರು. ಗಂಡಸರ ಲಾಭ ಏರಿತು, ಹೆಂಗಸರದ್ದು ಏರಲಿಲ್ಲ. ಹೆಂಗಸರಿಗೆ ವ್ಯಾಪಾರ ಬೆಳೆಸಲು ಬರುವುದಿಲ್ಲ ಎಂದು ಷರಾ ಬರೆಯಲು ಅಷ್ಟು ಸಾಕಾಗಿತ್ತು. 2019ರಲ್ಲಿ ಬೇರೊಂದು ತಂಡ ಅದೇ ಲೆಕ್ಕವನ್ನು ಭಾರತ ಮತ್ತು ಘಾನಾದ ಲೆಕ್ಕದ ಜೊತೆಗಿಟ್ಟು ಮತ್ತೆ ನೋಡಿತು. ಮನೆಯಲ್ಲಿ ಹೆಂಗಸಿನ ವ್ಯಾಪಾರ ಒಂದೇ ಇದ್ದ ಕಡೆ ಅವಳ ಲಾಭವೂ ಗಂಡಸರಷ್ಟೇ ಏರಿತ್ತು. ಗಂಡನಿಗೂ ವ್ಯಾಪಾರವಿದ್ದ ಮನೆಗಳಲ್ಲಿ ಅವಳ ಹೆಸರಿನ ದುಡ್ಡು ಅವನ ಅಂಗಡಿಗೆ ಇಳಿದಿತ್ತು. ನಿಮ್ಮಲ್ಲಿ ಅಂಗಡಿಯ ಬದಲು ತೋಟ, ಅಷ್ಟೇ.

ಕೊಟ್ಟದ್ದು ತಪ್ಪು ಅನ್ನುತ್ತಿಲ್ಲ. ಆಷಾಢದ ಮಳೆ ಹಿಡಿದು ಕೂತಾಗ ಮೈಲುತುತ್ತ, ಸುಣ್ಣ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನ ಕೂಲಿ ಯಾವುದೂ ಕಾಯುವುದಿಲ್ಲ. ಆದರೆ ಮಿಡಿಯೂ ಕಾಯುವುದಿಲ್ಲ. ಬೇಸಿಗೆಯಲ್ಲಿ ಸಿಗುವ ಕೆಲವೇ ವಾರ ನಗದು ಕೊಟ್ಟು ಕೊಂಡು, ಉಪ್ಪಿಗೆ ಹಾಕಿ ಭರಣಿ ತುಂಬಿಸಿದರೆ ವರ್ಷವಿಡೀ ಮಾರಬಹುದು. ಆಗ ಕೈಯಲ್ಲಿ ದುಡ್ಡಿಲ್ಲದಿದ್ದರೆ ದೀಪಾವಳಿಗೆ ಬೆಂಗಳೂರಿನಿಂದ ಎಷ್ಟು ಫೋನ್ ಬಂದರೂ ಖಾಲಿ ಭರಣಿ ಖಾಲಿಯೇ. ಹಾಗಾಗಿ ಉಪ್ಪಿನಕಾಯಿಗೇ ಒಂದು ಪ್ರತ್ಯೇಕ ಬ್ಯಾಂಕ್ ಖಾತೆ, ಒಂದು ನೋಟ್‌ಬುಕ್ ಮಾಡಿ. ಅದರಲ್ಲಿ ‘ತೋಟಕ್ಕೆ ಕೊಟ್ಟ ಸಾಲ, 50,000’ ಎಂದು ಬರೆದು ಮನೆಯವರಿಗೂ ತೋರಿಸಿ. ಅಡಿಕೆ ಮಾರಿದಾಗ ಅದು ವಾಪಸ್ ಬರಬೇಕು. ಮನೆಯೊಳಗೆ ಇದೆಂಥಾ ಲೆಕ್ಕ ಅಂತ ಒಂದೆರಡು ದಿನ ಮುಖ ದಪ್ಪವಾಗಬಹುದು, ಆಗಲಿ.

ಈಗ ಬ್ಯಾಂಕು. ಹೆಂಗಸು ಅಂತಲೇ ಹೀಗಾ ಎಂದರೆ, ಒಂದು ಪಾಲು ಹೌದು. ಆ ಸಾಲದ ಮೇಜಿನ ಆಚೆ ಬದಿ ನಾನೂ ಕೂತವಳು. ಗಂಡಸು ಬಂದರೆ ‘ಎಷ್ಟು ಮೆಷಿನ್ ಹಾಕುತ್ತೀರಿ’ ಅನ್ನುತ್ತಿದ್ದೆ, ಹೆಂಗಸು ಬಂದರೆ ‘ಕಂತು ಹೇಗೆ ಕಟ್ಟುತ್ತೀರಿ’. ಹಾಗೆ ಬೇರೆ ಕೇಳುತ್ತಿದ್ದೇನೆ ಎಂದು ಆಗ ಹೊಳೆದೇ ಇರಲಿಲ್ಲ. ಅಮೆರಿಕದ ಸ್ಟಾರ್ಟ್‌ಅಪ್ ಸ್ಪರ್ಧೆಯೊಂದರ ಪ್ರಶ್ನೋತ್ತರಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಕಂಡಿತ್ತು. ಗಂಡಸರಿಗೆ ಕೇಳಿದ ಪ್ರಶ್ನೆಗಳಲ್ಲಿ ಶೇ 67 ಬೆಳವಣಿಗೆಯ ಬಗ್ಗೆ, ಹೆಂಗಸರಿಗೆ ಕೇಳಿದ್ದರಲ್ಲಿ ಶೇ 66 ನಷ್ಟ ತಪ್ಪಿಸುವ ಬಗ್ಗೆ. ಕೇಳಿದವರಲ್ಲಿ ಹೆಂಗಸರೂ ಇದ್ದರು. ನಷ್ಟದ ಪ್ರಶ್ನೆಗೂ ಬೆಳವಣಿಗೆಯ ಉತ್ತರ ಕೊಟ್ಟವರಿಗೆ ಹೆಚ್ಚು ಹಣ ಸಿಕ್ಕಿತ್ತು. ನೀವೂ ಕಂತಿನ ಪ್ರಶ್ನೆಗೆ ಸಂಘದ ಪಾಸ್‌ಬುಕ್ ತೋರಿಸಿ, ಒಂದೇ ಮಾತಲ್ಲಿ ಮುಗಿಸಿ, ಈ ಸಲ ಎಷ್ಟು ಮಿಡಿ ಉಪ್ಪಿಗೆ ಹಾಕುತ್ತೀರಿ ಎಂಬಲ್ಲಿಗೆ ಮಾತು ತಿರುಗಿಸಿ.

ಇನ್ನೊಂದು ಪಾಲು ಬೇರೆ. ಹಾಳೆ ತಟ್ಟೆಯ ಹುಡುಗನ ಹತ್ತಿರ ಮೆಷಿನ್ನಿನ ಕೊಟೇಶನ್ ಇತ್ತು, ನಿಮ್ಮ ಭರಣಿಗಳು ಅಡುಗೆಮನೆಯ ಮೂಲೆಯಲ್ಲಿವೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ, ಆಹಾರ ಸುರಕ್ಷತಾ ನೋಂದಣಿ ಎರಡೂ ಆಗಿರಲಿ. ಉದ್ಯಮ್‌ಗೆ ಒಂದು ಪೈಸೆಯೂ ಇಲ್ಲ, ಏಜೆಂಟರಿಗೆ ಕೊಡಬೇಡಿ. ಸಣ್ಣ ಉದ್ಯಮಕ್ಕೆ ಕೊಡುವ ನಾಲ್ಕು ಲಕ್ಷದಂಥ ಸಾಲಕ್ಕೆ ಅಡಮಾನ ಕೇಳಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮಾವನ ಪಹಣಿ ಬೇಕೇ ಬೇಕು ಅಂದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಎಂದು ಮೆತ್ತಗೆ ಕೇಳಿ. ನಿಮ್ಮ ನಾಲ್ಕು ಲಕ್ಷ ಸಣ್ಣ ವ್ಯಾಪಾರಿಗಳಿಗೆಂದು ಇರುವ ಕೇಂದ್ರದ ಸಾಲ ಯೋಜನೆ ಮುದ್ರಾದ ‘ಕಿಶೋರ್’ ವರ್ಗಕ್ಕೆ, ಅಂದರೆ 50 ಸಾವಿರದಿಂದ 5 ಲಕ್ಷದೊಳಗೆ ಬರುತ್ತದೆ. ಮುದ್ರಾ ಖಾತೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಹೆಂಗಸರವೇ, ಆದರೆ ಸಾಲದ ಮೊತ್ತದಲ್ಲಿ ಅವರ ಪಾಲು ಅಷ್ಟಿಲ್ಲ. ‘ಸದ್ಯಕ್ಕೆ 50 ಸಾವಿರ ತಗೊಳ್ಳಿ’ ಅಂದರೆ ಒಪ್ಪಿಕೊಂಡು ಬರಬೇಡಿ. ಮಿಡಿಗೆ ಬೇಕಾದಷ್ಟನ್ನು ಕಂತಿನ ಸಾಲವಾಗಿ ಕೇಳಬೇಡಿ, ಸಿಸಿ (ಕ್ಯಾಶ್ ಕ್ರೆಡಿಟ್) ಲಿಮಿಟ್ ಕೇಳಿ. ಬೇಸಿಗೆಯಲ್ಲಿ ತೆಗೆದು, ಮಾರಾಟವಾದಂತೆ ತುಂಬುತ್ತೀರಿ, ತೆಗೆದದ್ದಕ್ಕಷ್ಟೇ ಬಡ್ಡಿ.

ಸ್ವಂತ ಉದ್ಯೋಗಕ್ಕೆ ಸಾಲ-ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿಯಲ್ಲಿ ಗ್ರಾಮೀಣ ಮಹಿಳೆಗೆ ಶೇ 35 ಸಬ್ಸಿಡಿ ನಿಜ, ಆದರೆ ಅದು ಹೊಸ ಘಟಕಕ್ಕೆ. ಅತ್ತೆಯ ಹೆಸರಲ್ಲಿ ಹೊಸದು ತೋರಿಸಿ ಎಂದು ಯಾರಾದರೂ ಬುದ್ಧಿ ಹೇಳಿದರೆ ಕೇಳಬೇಡಿ, ನಿಮ್ಮ ಮೂರು ವರ್ಷದ ದುಡಿಮೆ ಕಾಗದದ ಮೇಲೆ ಅಳಿಸಿಹೋಗುತ್ತದೆ. ನಡೆಯುತ್ತಿರುವ ಆಹಾರ ಘಟಕಕ್ಕೂ ಸಿಗುವುದು ಸಣ್ಣ ಆಹಾರ ಘಟಕಗಳಿಗೆಂದೇ ಇರುವ ಕೇಂದ್ರದ ಸಬ್ಸಿಡಿ ಯೋಜನೆ ಪಿಎಂಎಫ್‌ಎಂಇ. ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ಯಜಮಾನರನ್ನು ಕರೆದುಕೊಂಡು ಹೋಗುವ ಬದಲು ಸಂಘದ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ. ತಮಾಷೆಯಲ್ಲ. ಅಹಮದಾಬಾದಿನ ಮಹಿಳಾ ಸಹಕಾರಿ ಬ್ಯಾಂಕ್ ‘ಸೇವಾ’ ತನ್ನ ಗ್ರಾಹಕಿಯರಿಗೆ ಎರಡು ದಿನದ ವ್ಯಾಪಾರ ತರಬೇತಿ ಕೊಟ್ಟಾಗ, ಒಬ್ಬರೇ ಬಂದವರಿಗಿಂತ ಗೆಳತಿಯ ಜೊತೆ ಬಂದವರು ಸಾಲ ತೆಗೆದದ್ದೂ ಹೆಚ್ಚು, ಅದನ್ನು ವ್ಯಾಪಾರಕ್ಕೇ ಹಾಕಿದ್ದೂ ಹೆಚ್ಚು. ಹೋಗುವಾಗ ಕೊರಿಯರ್ ರಸೀದಿಗಳ ಕಟ್ಟು ಚೀಲದಲ್ಲಿರಲಿ. ಮಾಲಿಲ್ಲದೆ ‘ಮುಂದಿನ ವರ್ಷ ನೋಡುವಾ’ ಎಂದು ವಾಪಸ್ ಕಳಿಸಿದ ಆರ್ಡರುಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಮ್ಯಾನೇಜರ್ ಮುಂದೆ ಮೊದಲು ಇಡಬೇಕಾದ ಕಾಗದ ಅದು.