ವಾರಗಳ ಲೆಕ್ಕ ಯಾರ ಬಳಿ ಇದೆ?

ಆತ್ಮೀಯರಿಗೆ,

ನಮಸ್ಕಾರ. ‘ಅವಧಿಪೂರ್ವ ಹೆರಿಗೆ: ಕಾರಣ ಮತ್ತು ಪರಿಹಾರ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಕಳುಹಿಸಿ ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಮಂಡ್ಯ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಶುಶ್ರೂಷಕಿಯಾಗಿದ್ದುಕೊಂಡು, ಹಗಲು ರಾತ್ರಿ ಪಾಳಿಯ ನಡುವೆ ಈ ವಿಷಯವನ್ನು ಕನ್ನಡದಲ್ಲಿ ಬರೆಯಲು ಕೂರುವವರು ಬಹಳ ಕಡಿಮೆ. ನಿಮ್ಮ ಒಂಬತ್ತು ಪುಟಗಳಲ್ಲಿ ಆರನೆಯ ಪುಟ ನಿಜಕ್ಕೂ ಚೆನ್ನಾಗಿದೆ. ಉಳಿದ ಎಂಟು ಪುಟಗಳು ಅದನ್ನು ಮುಚ್ಚಿಹಾಕಿವೆ.

ಮೊದಲು ಬುಡದಲ್ಲೇ ಇರುವ ತಪ್ಪನ್ನು ಹೇಳಿಬಿಡುತ್ತೇನೆ. ಎರಡನೆಯ ಪುಟದಲ್ಲಿ ‘ತಿಂಗಳು ತುಂಬದೆ ಹುಟ್ಟಿದ, ಅಂದರೆ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳು’ ಎಂದು ಬರೆದಿದ್ದೀರಿ. ಇವೆರಡೂ ಒಂದೇ ಅಲ್ಲ. 37 ವಾರ ತುಂಬುವ ಮೊದಲೇ ಹುಟ್ಟಿದ್ದು ಅವಧಿಪೂರ್ವ ಶಿಶು. 2,500 ಗ್ರಾಂಗಿಂತ ಕಡಿಮೆ ತೂಗುವುದು ಕಡಿಮೆ ತೂಕದ ಶಿಶು. ನಮ್ಮ ದೇಶದಲ್ಲಿ ದಿನ ತುಂಬಿಯೇ ಹುಟ್ಟಿ, ಹೊಟ್ಟೆಯಲ್ಲಿ ಸರಿಯಾಗಿ ಬೆಳೆಯದೆ ಸಣ್ಣದಾಗಿರುವ ಮಕ್ಕಳು ಬಹಳ. ಇನ್ನೊಂದು ಕಡೆ, ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ 35 ವಾರಕ್ಕೇ ಹುಟ್ಟಿದ ಮಗುವೂ ದಪ್ಪಗಿದ್ದು ತಕ್ಕಡಿಯಲ್ಲಿ ತೇರ್ಗಡೆಯಾಗಿಬಿಡಬಹುದು. ಸಣ್ಣಗಿರುವ ಮೊದಲನೆಯ ಮಗುವಿನ ಶ್ವಾಸಕೋಶ ಬಲಿತಿರುತ್ತದೆ. ದಪ್ಪಗಿರುವ ಎರಡನೆಯದರದು ಬಲಿತಿಲ್ಲದಿರಬಹುದು. ಇಬ್ಬರಿಗೂ ಬೇಕಾದ ಆರೈಕೆ ಬೇರೆ, ಕಾದಿರುವ ಅಪಾಯ ಬೇರೆ. ನೀವು ತೂಕದ ಅಂಕಿಗಳನ್ನು ಕೊಟ್ಟು ವಾರಗಳ ತೀರ್ಮಾನಕ್ಕೆ ಬಂದಿರುವುದರಿಂದ ಮೂರು, ನಾಲ್ಕನೆಯ ಪುಟಗಳ ವಾದವೇ ನಿಲ್ಲುವುದಿಲ್ಲ.

ಅಂಕಿಗಳ ಮಾತು ಬಂತು. ಮೂಲ ಹೇಳದ ಶೇಕಡಾವಾರುಗಳನ್ನೆಲ್ಲ ತೆಗೆದುಹಾಕಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಅವಧಿಗೆ ಮುನ್ನ ಹುಟ್ಟಿದರು. ಅದರಲ್ಲಿ 30 ಲಕ್ಷದಷ್ಟು ಭಾರತದಲ್ಲಿ. ಇಷ್ಟು ಸಾಕು. ಓದುಗರು ಇದಕ್ಕಿಂತ ಹೆಚ್ಚಿನ ಸಂಖ್ಯೆಗಳನ್ನು ನಿಮ್ಮಿಂದ ಕೇಳುತ್ತಿಲ್ಲ.

ಅವರು ಕೇಳುವುದು, ಮತ್ತು ನೀವು ಮಾತ್ರ ಹೇಳಬಲ್ಲದ್ದು ಬೇರೆಯೇ ಇದೆ. ಹಳ್ಳಿಯೊಂದರಲ್ಲಿ ಬಸುರಿಗೆ ಎಷ್ಟು ವಾರವಾಯಿತೆಂದು ಗೊತ್ತಾಗುವುದು ಹೇಗೆ? ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನಾಂಕ ಬರೆಯಲು ಒಂದು ಜಾಗವಿದೆ. ಅಲ್ಲಿಂದ 280 ದಿನ ಲೆಕ್ಕ ಹಾಕಿ ಹೆರಿಗೆಯ ದಿನವನ್ನು ಬರೆಯುತ್ತಾರೆ. ಆದರೆ ನೀವೇ ಆರನೆಯ ಪುಟದಲ್ಲಿ ಬರೆದಂತೆ, ಕೇಳಿದಾಗ ಬರುವ ಉತ್ತರ ‘ಗೌರಿ ಹಬ್ಬ ಆಗಿ ಒಂದು ವಾರವಾಗಿತ್ತೇನೋ’ ಎಂಬುದು. ಅದು ಕಾರ್ಡಿಗೆ ಇಳಿಯುವಾಗ 10ನೇ ತಾರೀಖೋ 15ನೇ ತಾರೀಖೋ ಆಗುತ್ತದೆ. ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನಿಂಗ್ ಈ ಲೆಕ್ಕವನ್ನು ಒಂದು ವಾರದ ಒಳಗಿನ ವ್ಯತ್ಯಾಸಕ್ಕೆ ತರುತ್ತದೆ. ಕೊನೆಯ ಮೂರು ತಿಂಗಳಲ್ಲಿ ಮಾಡಿದ್ದು ಮೂರು ವಾರದಷ್ಟು ಆಚೀಚೆ ಆಗಬಹುದು. ನಿಮ್ಮ ಕೇಂದ್ರಕ್ಕೆ ಬರುವವರಲ್ಲಿ ಎಷ್ಟು ಮಂದಿಯ ಕೈಯಲ್ಲಿ ಮೊದಲ ಮೂರು ತಿಂಗಳ ವರದಿ ಇರುತ್ತದೆ? ನೀವು ಕಂಡದ್ದನ್ನು ಬರೆಯಿರಿ.

ಇದು ಬರೀ ದಾಖಲೆಯ ವಿಚಾರವಲ್ಲ, ಜೀವದ ವಿಚಾರ. ನಾಲ್ಕನೆಯ ಪುಟದಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದನ್ನು ‘ಸಂಜೀವಿನಿ’ ಎಂದು ಕರೆದು ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ನ್ಯೂಜಿಲೆಂಡಿನ ಲಿಗ್ಗಿನ್ಸ್ ಎಂಬ ವೈದ್ಯರು ಕುರಿಗಳ ಹೆರಿಗೆಯನ್ನು ಅಭ್ಯಾಸ ಮಾಡುತ್ತಿದ್ದಾಗ, ಸ್ಟೀರಾಯ್ಡ್ ಸಿಕ್ಕಿದ ಮರಿಗಳು ಬದುಕಲಾರದಷ್ಟು ಬೇಗ ಹುಟ್ಟಿದರೂ ಉಸಿರಾಡಿದ್ದನ್ನು ಕಂಡರು. ಹೋವಿ ಎಂಬವರ ಜೊತೆಗೂಡಿ ತಾಯಂದಿರಲ್ಲಿ ನಡೆಸಿದ ಪ್ರಯೋಗ 1972ರಲ್ಲಿ ಪ್ರಕಟವಾಯಿತು. ಹೆರಿಗೆಗೆ ಮುನ್ನ ತಾಯಿಗೆ ಕೊಟ್ಟ ಮದ್ದು ಮಗುವಿನ ಶ್ವಾಸಕೋಶವನ್ನು ಬಲಿಸುತ್ತದೆ ಎಂಬುದು ಹಾಗೆ ಸ್ಥಿರಪಟ್ಟಿತು. ಸರಿ, ಹಾಗಾದರೆ ಹಳ್ಳಿಹಳ್ಳಿಗೂ ಇದನ್ನು ಮುಟ್ಟಿಸೋಣ ಎಂದು ಆರು ದೇಶಗಳಲ್ಲಿ ದೊಡ್ಡ ಪ್ರಯೋಗವೊಂದು ನಡೆಯಿತು. ಅದರಲ್ಲಿ ನಮ್ಮ ಬೆಳಗಾವಿಯೂ ಇತ್ತು, ನಾಗಪುರವೂ ಇತ್ತು. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಅತಿ ಸಣ್ಣ ಮಕ್ಕಳಲ್ಲಿ ಸಾವು ಕಡಿಮೆಯಾಗಲಿಲ್ಲ. ಒಟ್ಟು ಜನಸಮೂಹದಲ್ಲಿ ನವಜಾತ ಶಿಶುಗಳ ಸಾವು ಸಾವಿರಕ್ಕೆ ಮೂರೂವರೆಯಷ್ಟು ಹೆಚ್ಚಾಗಿತ್ತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ಮದ್ದು ಪಡೆದವರಲ್ಲಿ ಬಹುತೇಕರು ಹೆತ್ತದ್ದು ಅಂಥ ಸಣ್ಣ ಮಗುವನ್ನಲ್ಲ. ಎಷ್ಟೋ ಕಡೆ ವಾರಗಳ ಖಚಿತ ಲೆಕ್ಕವಿರಲಿಲ್ಲವಾದ್ದರಿಂದ ಟೇಪಿನಿಂದ ಹೊಟ್ಟೆ ಅಳೆದು ಅಂದಾಜು ಮಾಡಬೇಕಾಗಿತ್ತು. ಅಧ್ಯಯನವೂ ಅವಧಿಯ ಬದಲಿಗೆ ಹುಟ್ಟಿದಾಗಿನ ತೂಕವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕಾಯಿತು. ಸಾವು ಹೆಚ್ಚಿದ್ದಕ್ಕೆ ಇದೊಂದೇ ಕಾರಣವೆಂದು ಹೇಳಲಾಗದು. ಆದರೆ ಐದು ವರ್ಷದ ನಂತರ, ಸ್ಕ್ಯಾನಿಂಗ್‌ನಿಂದ ವಾರಗಳನ್ನು ಖಚಿತಪಡಿಸಿಕೊಂಡು, ನವಜಾತ ಶಿಶುಗಳ ಆರೈಕೆಗೆ ಸೌಕರ್ಯವಿದ್ದ ಆಸ್ಪತ್ರೆಗಳಲ್ಲಿ, ಭಾರತವೂ ಸೇರಿ ಐದು ದೇಶಗಳಲ್ಲಿ ಅದೇ ಮದ್ದನ್ನು ಕೊಟ್ಟಾಗ ಸಾವು ಕಡಿಮೆಯಾಯಿತು. ಮದ್ದು ಪಡೆದ ಗುಂಪಿನಲ್ಲಿ ನೂರಕ್ಕೆ ಇಪ್ಪತ್ತರ ಹತ್ತಿರ, ಮದ್ದಿಲ್ಲದ ಗುಂಪಿನಲ್ಲಿ ಇಪ್ಪತ್ತಮೂರೂವರೆ.

ನಿಮ್ಮ ಕೇಂದ್ರದಲ್ಲೇ ಈ ಮದ್ದಿನ ಸೀಸೆ ಇರುತ್ತದೆ. 24ರಿಂದ 34 ವಾರದ ನಡುವೆ ನೋವು ಕಾಣಿಸಿಕೊಂಡ ಗರ್ಭಿಣಿಗೆ ಮೊದಲ ಡೋಸ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದೆಂದು 2014ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳಿದೆ. ಆ ಕ್ಷಣದಲ್ಲಿ ಕಾರ್ಡನ್ನು ನೋಡಿ ತೀರ್ಮಾನಿಸುವ ಕೈ ನಿಮ್ಮಂಥವರದು. ಅದರ ಭಾರ ಎಂಥದ್ದೆಂದು ಬರೆದರೆ ಯಾವ ಓದುಗರೂ ಲೇಖನವನ್ನು ಅರ್ಧಕ್ಕೆ ಬಿಡುವುದಿಲ್ಲ.

ಈಗ ಆರನೆಯ ಪುಟ. ಮಳವಳ್ಳಿ ಕಡೆಗೆ ಕೊಟ್ಟ ಹುಡುಗಿ, ಚೊಚ್ಚಲ ಬಸುರಿ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಕೆ.ಆರ್. ನಗರದ ಹತ್ತಿರದ ತವರಿಗೆ ಬರುತ್ತಾಳೆ. ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಿಂದ ಅವಳು ಹೊರಬಿದ್ದಿದ್ದಾಳೆ, ತವರಿನ ಆಶಾ ಕಾರ್ಯಕರ್ತೆಯ ಪಟ್ಟಿಗೆ ಇನ್ನೂ ಸೇರಿಲ್ಲ. ಸ್ಕ್ಯಾನಿಂಗ್ ವರದಿ ಅತ್ತೆ ಮನೆಯ ಬೀರುವಿನಲ್ಲಿ ಉಳಿದಿದೆ. ರಾತ್ರಿ ನೋವು ಬಂದು ಆಸ್ಪತ್ರೆಗೆ ಹೋದಾಗ ಎಷ್ಟು ವಾರ ಎಂದು ಕೇಳಿದರೆ, ಅವಳ ತಾಯಿ ಕೊಡುವ ಉತ್ತರ: ‘ಏಳು ತುಂಬಿ ಎಂಟರಲ್ಲಿ ಬಿದ್ದಿದೆ.’ ಅದು 31 ವಾರವೂ ಆಗಬಹುದು, 34ನ್ನು ದಾಟಿಯೂ ಇರಬಹುದು. ಮದ್ದು ಕೊಡಬೇಕೇ, ತಾಲ್ಲೂಕು ಆಸ್ಪತ್ರೆ ಸಾಕೇ, ಮೈಸೂರಿಗೇ ಕಳುಹಿಸಬೇಕೇ ಎಂಬುದೆಲ್ಲ ಆ ವ್ಯತ್ಯಾಸದಲ್ಲೇ ಇದೆ. ತವರಿಗೆ ಕಳುಹಿಸುವ ಪದ್ಧತಿಯಲ್ಲಿ ಅಕ್ಕರೆ ಇದೆ, ಬಸುರಿಗೆ ವಿಶ್ರಾಂತಿ ಇದೆ. ಅದನ್ನು ಬೈಯದೆ, ಅದೇ ಪ್ರಯಾಣದಲ್ಲಿ ವಾರಗಳ ಲೆಕ್ಕ ಕಳೆದುಹೋಗುವುದನ್ನು ನೀವು ತೋರಿಸಿದ್ದೀರಿ. ಇಲ್ಲಿಂದಲೇ ಲೇಖನ ಶುರುವಾಗಲಿ. ಉಳಿದದ್ದನ್ನೆಲ್ಲ ಈ ರಾತ್ರಿಯ ಸುತ್ತ ಕಟ್ಟಿ.

ನನಗೆ ನೋವಾದದ್ದು ಏಳನೆಯ ಪುಟದಲ್ಲಿ. ಇಂಥ ಪುಟ ಬರೆದ ಅದೇ ಕೈ ಮರುಪುಟದಲ್ಲೇ ‘ತಾಯಂದಿರ ಅಜ್ಞಾನ ಮತ್ತು ನಿರ್ಲಕ್ಷ್ಯವೇ ಮುಖ್ಯ ಕಾರಣ’ ಎಂದು ಬರೆದುಬಿಟ್ಟಿದೆ. ದಿನ ತುಂಬುವ ಮೊದಲೇ ಕಡಿದ ಕಬ್ಬಿನ ಹೋಲಿಕೆಯನ್ನೂ ಕೊಟ್ಟಿದ್ದೀರಿ. ದಯವಿಟ್ಟು ತೆಗೆದುಹಾಕಿ. ಕಬ್ಬನ್ನು ಯಾವಾಗ ಕಡಿಯಬೇಕೆಂದು ರೈತನೋ ಕಾರ್ಖಾನೆಯೋ ತೀರ್ಮಾನಿಸುತ್ತದೆ. ಹೆರಿಗೆ ನೋವು ಯಾವ ತಾಯಿಯನ್ನೂ ಕೇಳಿ ಬರುವುದಿಲ್ಲ. ಅವಳಿ ಗರ್ಭ, ಏರಿದ ರಕ್ತದೊತ್ತಡ, ಸೋಂಕು, ಸಕ್ಕರೆ ಕಾಯಿಲೆ, ಎರಡು ಬಸಿರುಗಳ ನಡುವೆ ತೀರಾ ಕಡಿಮೆ ಅಂತರ, ಹಿಂದೊಮ್ಮೆ ಹೀಗೇ ಬೇಗ ಹೆರಿಗೆಯಾಗಿರುವುದು: ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಹಾಗಿದ್ದೂ ತಾನಾಗಿ ನೋವು ಬಂದ ಎಷ್ಟೋ ಅವಧಿಪೂರ್ವ ಹೆರಿಗೆಗಳಿಗೆ ಇಂಥದ್ದೇ ಕಾರಣವೆಂದು ಬೆರಳಿಟ್ಟು ತೋರಿಸಲು ವೈದ್ಯಶಾಸ್ತ್ರಕ್ಕೂ ಸಾಧ್ಯವಾಗಿಲ್ಲ. ಮಗುವನ್ನು ಆಸ್ಪತ್ರೆಯಲ್ಲಿ ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟು ಬಂದ ಬಾಣಂತಿ ಮೊದಲೇ ತನ್ನನ್ನು ತಾನು ಹಳಿದುಕೊಳ್ಳುತ್ತಿರುತ್ತಾಳೆ. ನಿಮ್ಮ ಲೇಖನ ಅವಳ ಕೈಗೂ ಸಿಗುತ್ತದೆ.

ದೂರುವುದಿರಲಿ, ಅವಳೇ ಮಗುವಿಗೆ ಮದ್ದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಪೆಟ್ಟಿಗೆಗಳು ಸಾಲದೆ, ಸಣ್ಣ ಮಕ್ಕಳನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಕಟ್ಟಿಡುವ ಕಾಂಗರೂ ಆರೈಕೆ ಶುರುವಾಯಿತು. ಮಗುವಿನ ಸ್ಥಿತಿ ಸುಧಾರಿಸಿದ ಮೇಲೆ ಮಾತ್ರ ಹಾಗೆ ಮಾಡಬೇಕೆಂಬುದು ಬಹುಕಾಲದ ರೂಢಿ. ದೆಹಲಿಯ ಒಂದು ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ, ಹುಟ್ಟಿದ ಕೂಡಲೇ ಎದೆಗೆ ಒಪ್ಪಿಸಿದರೆ ಮೊದಲ 28 ದಿನಗಳ ಸಾವು ನಾಲ್ಕನೇ ಒಂದರಷ್ಟು ಕಡಿಮೆಯಾಗುತ್ತದೆಂದು ತೋರಿಸಿತು. ಹಾಗಾಗಬೇಕಾದರೆ ತಾಯಿಗೆ ತೀವ್ರ ನಿಗಾ ಘಟಕದ ಒಳಗೇ ಮಂಚ ಬೇಕು. ತಾಯಿ ಒಂದು ಕಟ್ಟಡದಲ್ಲಿ, ಮಗು ಇನ್ನೊಂದರಲ್ಲಿ ಇದ್ದದ್ದನ್ನು ನೀವು ಐದನೆಯ ಪುಟದಲ್ಲಿ ಹಾಗೇ ಹೇಳಿ ದಾಟಿದ್ದೀರಿ. ಅದನ್ನು ಇಲ್ಲಿಗೆ ತನ್ನಿ.

‘ಏಳಕ್ಕೆ ಹುಟ್ಟಿದರೆ ಉಳಿಯುತ್ತದೆ, ಎಂಟಕ್ಕಾದರೆ ಉಳಿಯುವುದಿಲ್ಲ’ ಎಂಬ ನಂಬಿಕೆಯನ್ನು ಖಂಡಿಸದೆ ಉಲ್ಲೇಖಿಸಿದ್ದೀರಿ. ಎಂಟನೆಯ ತಿಂಗಳಲ್ಲಿ ಓಜಸ್ಸು, ಅಂದರೆ ದೇಹದ ಸತ್ವ, ಅಸ್ಥಿರವಾಗಿರುತ್ತದೆ ಎಂಬ ಆಯುರ್ವೇದದ ಹಳೆಯ ಮಾತೂ ಇದಕ್ಕೆ ಬೆಂಬಲವಾಗಿ ಬಂದುಬಿಡುತ್ತದೆ. ಹೊಟ್ಟೆಯಲ್ಲಿ ಕಳೆದ ಪ್ರತಿ ವಾರವೂ ಬದುಕುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಎಂಟರ ಮಗು ಏಳರ ಮಗುವಿಗಿಂತ ಗಟ್ಟಿ ಎಂದು ನೇರವಾಗಿ ಬರೆಯಿರಿ. ಈ ನಂಬಿಕೆಯಿಂದ ಆಸೆ ಬಿಟ್ಟು ಆಸ್ಪತ್ರೆಗೆ ತಡಮಾಡುವ ಮನೆಯವರು ಇರಬಹುದು.

ಇನ್ನೊಂದು ಮಾತು. ಲಂಡನ್, ಬಾಸ್ಟನ್ ಎಂದೆಲ್ಲ ತಿರುಗಿದ ನಿಮ್ಮ ಲೇಖನ ಮೈಸೂರಿಗೆ ಬರಲೇ ಇಲ್ಲ. ನಾವೆಲ್ಲ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಆಸುಪಾಸಿನಲ್ಲೇ ಬದುಕಿದ್ದ 517 ಮಂದಿಯನ್ನು ಪರೀಕ್ಷಿಸಿ, ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಸಂಶೋಧಕರು ತೋರಿಸಿದರು. ಎಚ್ಚರ: ಇದು ತೂಕದ ಕಥೆ, ವಾರಗಳದ್ದಲ್ಲ. ಮತ್ತೆ ಎರಡನ್ನೂ ಬೆರೆಸಬೇಡಿ. ಯಾರೋ ದಾದಿಯರು ಪಾಳಿ ಮುಗಿಯುವ ಮುನ್ನ ಬರೆದಿಟ್ಟ ಅಂಕಿಗಳು ನಲವತ್ತು, ಅರವತ್ತು ವರ್ಷದ ಮೇಲೆ ಜಗತ್ತಿನ ವೈದ್ಯಲೋಕಕ್ಕೆ ಬೇಕಾದವು. ತಾಯಿ ಕಾರ್ಡನ್ನು ದಿನವೂ ತುಂಬುವ ನಿಮಗೆ ಇದರ ಬೆಲೆ ನನಗಿಂತ ಚೆನ್ನಾಗಿ ಗೊತ್ತು.

ತಿದ್ದಿದ ಪ್ರತಿ ಐದು ಪುಟ ಮೀರದಿರಲಿ. ಕೊನೆಯ ಪುಟದ ‘ತಾಯಂದಿರಿಗೆ ಹತ್ತು ಸೂಚನೆಗಳು’ ಬೇಡವೇ ಬೇಡ. ಮಳವಳ್ಳಿಯ ಹುಡುಗಿಯ ಒಪ್ಪಿಗೆ ಕೇಳಿ, ಊರುಗಳನ್ನೂ ಗುರುತು ಸಿಗದಂತೆ ಬದಲಿಸಿ. ಎರಡೂ ಊರಿನ ಆಶಾ ಕಾರ್ಯಕರ್ತೆಯರಿಗೆ ಓದಿ ತೋರಿಸಿ, ಅವರ ಆಕ್ಷೇಪವಿದ್ದರೆ ಅದನ್ನೂ ಲೇಖನದೊಳಗೇ ಸೇರಿಸಿ. ಮತ್ತು ನಾಲ್ಕನೆಯ ಪುಟದಲ್ಲಿ ಆ ಸ್ಟೀರಾಯ್ಡ್ ಮದ್ದಿನ, ಅಂದರೆ ಡೆಕ್ಸಾಮೆಥಾಸೋನ್‌ನ, ಪ್ರಮಾಣ 60 ಮಿಲಿಗ್ರಾಂ ಎಂದಾಗಿದೆ. ಅದು 6 ಮಿಲಿಗ್ರಾಂ, 12 ಗಂಟೆಗೊಮ್ಮೆ, ನಾಲ್ಕು ಸಲ. ಹೊಸ ಪ್ರತಿಯ ಎಲ್ಲ ಔಷಧ ಪ್ರಮಾಣಗಳನ್ನೂ ನಿಮ್ಮ ವೈದ್ಯಾಧಿಕಾರಿಗಳಿಂದ ಓದಿಸಿ, ಸಹಿ ಹಾಕಿಸಿ ಕಳುಹಿಸಿ.

ನಿಮ್ಮವನೇ ಆದ,
ಸಂಪಾದಕ
ಮೈಸೂರು