ಸೆಕೆ ಜಾಸ್ತಿಯಾದಾಗ ವಿದ್ಯುತ್ ಕಂಪನಿಯೇ ನಮ್ಮ ಮನೆಯ ಎಸಿಯನ್ನು ನಿಯಂತ್ರಿಸಬಹುದೇ?

ನೀವು ಒಪ್ಪಿ ಯೋಜನೆಗೆ ಸೇರಿದ್ದರೆ ಹೌದು. ಅಮೆರಿಕದ ಕೊಲೊರಾಡೊದಲ್ಲಿ ಎಕ್ಸೆಲ್ ಎನರ್ಜಿ ಕಂಪನಿ ಇಂಥ ಯೋಜನೆ ನಡೆಸಿತ್ತು. ಸೇರುವಾಗ 100 ಡಾಲರ್, ಆಮೇಲೆ ವರ್ಷಕ್ಕೆ 25 ಡಾಲರ್ ರಿಯಾಯಿತಿ ಇತ್ತು. ಬದಲಿಗೆ, ಬೇಡಿಕೆ ಏರಿದಾಗ ಕಂಪನಿ ನಿಮ್ಮ ಸ್ಮಾರ್ಟ್ ಥರ್ಮೋಸ್ಟಾಟ್ ಅನ್ನು, ಅಂದರೆ ಮನೆಯ ತಾಪಮಾನ ನಿಗದಿಪಡಿಸುವ, ದೂರದಿಂದಲೂ ಬದಲಿಸಬಹುದಾದ ಸಾಧನವನ್ನು, ಕೆಲವು ಡಿಗ್ರಿ ಮೇಲಕ್ಕೆ ಸರಿಸುತ್ತದೆ. ಎಸಿ ಕಡಿಮೆ ಓಡುತ್ತದೆ, ಅಷ್ಟೇ.

ಸಾಮಾನ್ಯವಾಗಿ ಬೇಡ ಅನಿಸಿದರೆ ತಾಪಮಾನವನ್ನು ನೀವೇ ಮತ್ತೆ ತಗ್ಗಿಸಿಕೊಳ್ಳಬಹುದು. ಆದರೆ 2022ರ ಆಗಸ್ಟ್ 30ರಂದು ಹಾಗಾಗಲಿಲ್ಲ. ಬಿಸಿಲು ಜೋರಾಗಿತ್ತು, ಅದೇ ರಾಜ್ಯದ ಪ್ಯೂಬ್ಲೋ ನಗರದಲ್ಲಿ ಅನಿರೀಕ್ಷಿತವಾಗಿ ವಿದ್ಯುತ್ ಉತ್ಪಾದನೆ ನಿಂತಿತ್ತು. ಕಂಪನಿ ತುರ್ತುಸ್ಥಿತಿ ಎಂದು ಸುಮಾರು 22,000 ಗ್ರಾಹಕರ ಥರ್ಮೋಸ್ಟಾಟ್‌ಗಳನ್ನು ಕೆಲವು ಗಂಟೆ ಲಾಕ್ ಮಾಡಿತು. ಎಷ್ಟು ಒತ್ತಿದರೂ ಬದಲಾಗಲಿಲ್ಲ. ಹಲವರಿಗೆ ಇಂಥದ್ದೊಂದು ಷರತ್ತು ಇದೆಯೆಂದೇ ಗೊತ್ತಿರಲಿಲ್ಲ.

ಯೋಜನೆ ಕೆಟ್ಟದ್ದಲ್ಲ. ಎಲ್ಲರೂ ಎಸಿ ಬಳಕೆಯನ್ನು ಸ್ವಲ್ಪ ಸ್ವಲ್ಪ ತಗ್ಗಿಸಿದರೆ ಇಡೀ ಬಡಾವಣೆಯ ಕರೆಂಟ್ ತೆಗೆಯುವ ಪರಿಸ್ಥಿತಿ ತಪ್ಪಬಹುದು, ಅಲ್ವಾ? ಆದರೆ ಮನೆಯಲ್ಲಿ ಹಸುಗೂಸು, ವಯಸ್ಸಾದವರು ಅಥವಾ ಕಾಯಿಲೆಯವರಿದ್ದರೆ ರಿಯಾಯಿತಿ ನೋಡಿ ಸುಮ್ನೆ ಸಹಿ ಹಾಕಬೇಡಿ. ತುರ್ತು ಹೊತ್ತಿನಲ್ಲೂ ಎಸಿ ನಿಮ್ಮ ಕೈಯಲ್ಲೇ ಇರುತ್ತದೆಯೇ ಎಂದು ಮೊದಲೇ ಕೇಳಿ.